ಹೊಸ ಕ್ಯಾಮೆರಾ ಅನೌನ್ಸ್ ಆಯ್ತು, ಕೈಗೆ ಬರೋ ತನಕ ಏನೇನ್ ಮಾಡ್ಕೋಬೇಕು

ಹೊಸ ಹೈ ರೆಸಲ್ಯೂಷನ್ ಬಾಡಿ (ಭಾಳ ಮೆಗಾಪಿಕ್ಸೆಲ್ ಇರೋ, ಲೆನ್ಸ್ ಬಿಟ್ಟು ಬರೇ ಕ್ಯಾಮೆರಾ) ಅನೌನ್ಸ್ ಆದ ದಿನದಿಂದ ನಮ್ಮ ಕಲಬುರಗ್ಯಾಗ ಸೂಪರ್ ಮಾರ್ಕೆಟ್ ಕಡಿ ಚಹಾ ಕುಡೀಲಾಕ ನಿಂತ್ರೂ ಅದೇ ಮಾತು, ಯಾವಾಗ ಬರ್ತದ, ಎಷ್ಟಕ್ಕ ಬರ್ತದ, ಈಗಿನ ಬಾಡಿ ಮಾರಿಬಿಡ್ಲಾ ಅಂತ. ಮೊದ್ಲು ಮೂರನೇದಕ್ಕ ಉತ್ತರ ಹೇಳ್ತೀನಿ ನೋಡ್ರಿ, ಮಾರಬ್ಯಾಡ್ರಿ. ನಾ ಹಿಂದೊಮ್ಮಿ ಹಂಗೇ ಮಾಡಿದ್ದೆ, ಅನೌನ್ಸ್ ಆದ ವಾರದಾಗ ಹಳಿ ಬಾಡಿ ಮಾರಿ ಅಂಗಡಿಯವ್ರಿಗಿ ಅಡ್ವಾನ್ಸ್ ಕೊಟ್ಟೆ, ಮುಂದಿನ ತಿಂಗಳು ಅಂದ್ರು, ಅದು ಬರೋದ್ರಾಗ ಮೂರ್ ತಿಂಗಳಾಯ್ತು, ನಡುವ ಏಪ್ರಿಲ್ ಮೇ ಲಗ್ನದ ಸೀಜನ್ ಪೂರಾ ಬಂತು, ಬಾಡಿಗಿ ಕ್ಯಾಮೆರಾ ತಂದು ಆರ್ಡರ್ ಮುಗಿಸಿದೆ, ಉಳಿಬೇಕಾದ ರೊಕ್ಕ ಎಲ್ಲಾ ಬಾಡಿಗಿಗಿ ಹೋಯ್ತು. ಅದಕ್ಕ ಹೇಳ್ತೀನಿ, ಹೊಸಾದು ಕೈಗೆ ಬಂದು ಕನಿಷ್ಠ ಎರಡ್ ಲಗ್ನ ಅದರಾಗ ಹೊಡ್ದ ಮ್ಯಾಲೇನೇ ಹಳೇದು ಮಾರೋ ವಿಚಾರ.

ತಡ ಆಗೋದು ಹೊಸಾದೇನ್ ಅಲ್ಲ. 2011ರಾಗ ಥಾಯ್ಲೆಂಡ್ ಪ್ರವಾಹ ಬಂದಾಗ ನಿಕಾನ್ ಫ್ಯಾಕ್ಟರಿಯಾಗ ನೀರ್ ಹೊಕ್ಕಿತ್ತು, 2016ರ ಏಪ್ರಿಲ್‌ನ್ಯಾಗ ಜಪಾನಿನ ಕುಮಾಮೊಟೊ ಕಡಿ ಭೂಕಂಪ ಆಗಿ ಸೋನಿ ಸೆನ್ಸರ್ (ಕ್ಯಾಮೆರಾದಾಗ ಬೆಳಕು ಹಿಡಿಯೋ ಚಿಪ್) ಫ್ಯಾಕ್ಟರಿ ನಿಂತ್ಹೋಯ್ತು, ಆ ಸೆನ್ಸರ್ ಬ್ಯಾರೆ ಕಂಪ್ನಿಗಳೂ ತಗೋತಾವ ಅಂತ ಎಲ್ಲರಿಗೂ ಅದರ ಏಟು ತಟ್ಟಿತು. 2017ರಾಗ ನಿಕಾನ್ ಡಿ850 ಬಂದಾಗಂತೂ ಪ್ರವಾಹ ಇಲ್ಲ ಭೂಕಂಪ ಇಲ್ಲ, ಕೇಳೋರೇ ಜಾಸ್ತಿ ಆಗಿ ತಿಂಗಳಗಟ್ಲೆ ಸಿಗಲಿಲ್ಲ. ಅನೌನ್ಸ್ ಮಾಡಿದ ತಾರೀಖು ನಂಬಿ ಯಾವ ಗಿರಾಕಿಗೂ ಹೊಸ ಕ್ಯಾಮೆರಾದಾಗ ಹೊಡಿತೀನಿ ಅಂತ ಮಾತು ಕೊಡಬ್ಯಾಡ್ರಿ.

ಹಂಗಂತ ಸುಮ್ನೆ ಕೂಡೋದೂ ಬ್ಯಾಡ. ನನ್ನ ಪ್ರಕಾರ ಈ ಕಾಯೋ ಟೈಮೇ ಭಾಳ ಬೆಲಿ ಉಳ್ಳದ್ದು, ಯಾಕಂದ್ರ ನಮ್ಮ ಫೋಟೋದಾಗ ಶಾರ್ಪ್‌ನೆಸ್ ಎಲ್ಲಿ ಸೋರ್ಲಾಕತ್ತದ ಅಂತ ರೊಕ್ಕ ಕೊಡೋಕಿಂತ ಮೊದ್ಲು ಕಂಡು ಹಿಡಿಲಾಕ ಇದೊಂದೇ ಅವಕಾಶ. ಲೆನ್ಸಿನಾಗ ಸೋರ್ತದೋ, ಕೈಯಾಗ ಸೋರ್ತದೋ, ಫೋಕಸ್‌ನ್ಯಾಗೋ. ಅದು ತಿಳಿಲಾರದೆ 60 ಮೆಗಾಪಿಕ್ಸೆಲ್ ತಂದ್ರ ಅಲ್ಲಾಡಿದ ಫೋಟೋನೇ ದೊಡ್ಡದಾಗಿ ಕಾಣ್ತದ.

ಮೊದಲ ಕೆಲಸ ಲೆಕ್ಕ. 2012ರಾಗ ನಿಕಾನ್ ಡಿ800 36 ಮೆಗಾಪಿಕ್ಸೆಲ್ ಅಂದಾಗ ಅಬ್ಬಾ ಅಂದಿದ್ವಿ, 2015ರಾಗ ಕ್ಯಾನನ್ 5ಡಿಎಸ್ 50, 2019ರಾಗ ಸೋನಿ ಎ7ಆರ್ 4 ಬಂದು 61ಕ್ಕ ಹೋಯ್ತು. ಇಲ್ಲಿ 61ನೇ ಲೆಕ್ಕಕ್ಕ ತಗೊಳ್ಳೋಣ. ನಿಮ್ಮ ಕೈಯಾಗಿರೋ 24ಕ್ಕ ಹೋಲಿಸಿದ್ರ ಎರಡೂವರೆ ಪಟ್ಟು ಅನಸ್ತದ, ಖರೆ, ಆದ್ರ ಅಗಲದಾಗ ನೋಡ್ರಿ, 24 ಅಂದ್ರ 6000 ಪಿಕ್ಸೆಲ್, 61 ಅಂದ್ರ 9504 ಪಿಕ್ಸೆಲ್, ಒಂದೂವರೆ ಪಟ್ಟಿಗಿ ಸ್ವಲ್ಪ ಜಾಸ್ತಿ ಅಷ್ಟೇ. ಇಂಚಿಗಿ 300 ಚುಕ್ಕಿ ಲೆಕ್ಕದಾಗ 24ರಿಂದ 20 ಇಂಚು ಅಗಲದ ಪ್ರಿಂಟು, 61ರಿಂದ 31 ಇಂಚಿನ ಮ್ಯಾಲ. ಈಗ ನಮ್ಮ ಕಡಿ ನಡಿಯೋ 12×36 ಆಲ್ಬಂ ಶೀಟ್ ತಗೋರಿ, ನವಜೋಡಿದು ಒಂದೇ ಫೋಟೋ ಶೀಟ್ ತುಂಬ ಹಾಸಬೇಕಂದ್ರ 300ರ ಲೆಕ್ಕದಾಗ 10800 ಪಿಕ್ಸೆಲ್ ಅಗಲ ಬೇಕು. 24 ಮೆಗಾಪಿಕ್ಸೆಲ್ ಅಲ್ಲಿ ಇಂಚಿಗಿ 166ಕ್ಕ ಬೀಳ್ತದ, 61 ಆದ್ರ 264 ಸಿಗ್ತದ. ಆಲ್ಬಂ ತೊಡಿ ಮ್ಯಾಲ ಇಟ್ಕೊಂಡು ಹತ್ತಿರದಿಂದ ನೋಡೋದಕ್ಕ ಈ ಫರಕ್ ಕಾಣ್ತದ. ಆದ್ರ ಗಿರಾಕಿ ಬರೇ ಮೊಬೈಲ್‌ನ್ಯಾಗ ನೋಡೋರಿದ್ರ, ಟಿವಿಗಿ ಹಾಕೋರಿದ್ರ, 4ಕೆ ಟಿವಿ ಅಂದ್ರೂ 8 ಮೆಗಾಪಿಕ್ಸೆಲ್ಲೇ, ಅಲ್ಲಿ ನಿಮ್ಮ 24 ಇನ್ನೂ ಭಾಳ ವರ್ಷ ನಡೀತದ. ಹೋದ ವರ್ಷದ ಆರ್ಡರ್ ತೆಗ್ದು ನೋಡ್ರಿ, ಎಷ್ಟ್ ಜನ ದೊಡ್ಡ ಪ್ರಿಂಟ್ ತಗೊಂಡ್ರು, ನೀವು ಎಷ್ಟ್ ಫೋಟೋ ಅರ್ಧಕ್ಕಿಂತ ಜಾಸ್ತಿ ಕ್ರಾಪ್ ಮಾಡಿದ್ರಿ. ಕ್ರಾಪ್ ಭಾಳ ಮಾಡೋರಿಗಿ ಈ ಬಾಡಿ ಖರೇನೇ ಉಪಯೋಗ ಆಗ್ತದ, ಹಾಲಿನ ಮ್ಯಾಲಿನ ಬಾಲ್ಕನ್ಯಾಗ ನಿಂತು ಅಕ್ಕಿಕಾಳ್ ಬೀಳೋದು ಹೊಡಿತೀರಿ, 61ರಾಗ ಕ್ರಾಪ್ ಮೋಡ್ (ಸೆನ್ಸರಿನ ನಡುವಿನ ಭಾಗ ಅಷ್ಟೇ ಬಳಸೋದು) ಹಾಕಿದ್ರೂ 26 ಮೆಗಾಪಿಕ್ಸೆಲ್ ಉಳಿತದ, ಅಂದ್ರ ನಿಮ್ಮ ಈಗಿನ ಪೂರಾ ಫೋಟೋದಷ್ಟು.

ಎರಡನೇದು ಲೆನ್ಸು, ಇದು ಎಲ್ಲಕ್ಕಿಂತ ಮುಖ್ಯ. ಹೊಸ ಬಾಡಿ ಬರಲಾರದೇ ಅದರ ಮ್ಯಾಲ ನಮ್ಮ ಲೆನ್ಸ್ ಹೆಂಗ ಬರ್ತದ ಅಂತ ನೋಡ್ಲಾಕ ಒಂದ್ ದಾರಿ ಅದ. ಫುಲ್ ಫ್ರೇಮ್ (ಹಳಿ 35 ಎಂಎಂ ಫಿಲ್ಮಿನಷ್ಟು ದೊಡ್ಡದು) 61 ಮೆಗಾಪಿಕ್ಸೆಲ್ ಸೆನ್ಸರಿನ ಒಂದೊಂದ್ ಪಿಕ್ಸೆಲ್ 3.8 ಮೈಕ್ರಾನ್ (ಮಿಲಿಮೀಟರಿನ ಸಾವಿರದಾಗ ಒಂದ್ ಭಾಗ ಅಂದ್ರ ಒಂದ್ ಮೈಕ್ರಾನ್) ಹತ್ತಿರ ಇರ್ತದ, ನಮ್ಮ ಹುಡುಗರ ಕೈಯಾಗಿರೋ ಸಣ್ಣ ಸೆನ್ಸರಿನ 24 ಮೆಗಾಪಿಕ್ಸೆಲ್ ಕ್ಯಾಮೆರಾದ ಪಿಕ್ಸೆಲ್ 3.9, ಅಂದ್ರ ಎರಡೂ ಸರಿಸುಮಾರು ಒಂದೇ. ಹಿಂಗಾಗಿ ನಿಮ್ಮ ಲೆನ್ಸ್ ಕೂಡೋವಂಥ ಒಂದ್ ಕ್ರಾಪ್ ಬಾಡಿ (ಅದೇ ಸಣ್ಣ ಸೆನ್ಸರಿನ 24 ಮೆಗಾಪಿಕ್ಸೆಲ್ ಕ್ಯಾಮೆರಾ) ಗೆಳ್ಯಾರ ಹತ್ರ ಒಂದಿನ ಇಸ್ಕೊಳ್ರಿ, ಅದಕ್ಕ ನಿಮ್ಮ ಫುಲ್ ಫ್ರೇಮ್ ಲೆನ್ಸ್ ಹಾಕ್ರಿ, ಗೋಡಿಗಿ ದಿನಪತ್ರಿಕಿದು ಎರಡ್ ಹಾಳಿ ಸುಕ್ಕಿಲ್ಲದಂಗ ಅಂಟಸ್ರಿ, ಟ್ರೈಪಾಡ್ ಮ್ಯಾಲ ಕ್ಯಾಮೆರಾ ಗೋಡಿಗಿ ನೇರ ಇಡ್ರಿ, ಎರಡ್ ಸೆಕೆಂಡ್ ಟೈಮರ್ ಹಾಕಿ ಲೆನ್ಸಿನ ಕಿಂಡಿ (ಎಫ್ ನಂಬರ್ ದೊಡ್ಡದಾದಷ್ಟು ಅದು ಸಣ್ಣದಾಗ್ತದ) ಪೂರಾ ಓಪನ್ ಅಪರ್ಚರ್‌ನಿಂದ ಎಫ್ 2.8, 4, 5.6, 8, 11, 16 ತನಕ ಒಂದೊಂದ್ ಹೊಡ್ರಿ. ಕಂಪ್ಯೂಟರ್‌ದಾಗ 100 ಪರ್ಸೆಂಟ್ ಮಾಡಿ ಸಣ್ಣ ಅಕ್ಷರ ನೋಡ್ರಿ. ನಡುವಿನ ಭಾಗದಾಗ ಏನ್ ಕಾಣ್ತದೋ ಅದೇ ಹೊಸ ಬಾಡಿ ಮ್ಯಾಲ ನಡುವಿನ ಭಾಗದಾಗ ಕಾಣ್ತದ. ಫ್ರೇಮಿನ ಅಂಚಿನ ಮೂಲಿ ಮಾತ್ರ ಇದ್ರಾಗ ಗೊತ್ತಾಗಲ್ಲ, ಅದಕ್ಕ ನಿಮ್ಮ ಈಗಿನ ಫುಲ್ ಫ್ರೇಮ್ ಬಾಡಿಲೇ ಇನ್ನೊಮ್ಮಿ ಹೊಡ್ದು ಮೂಲಿ ನೋಡ್ರಿ, ಅಲ್ಲಿ 24ರಾಗೇ ಮಬ್ಬಿದ್ರ 61ರಾಗ ಇನ್ನಾ ಮಬ್ಬು ಕಾಣ್ತದ. ನಂದು ಒಂದು ಹಳಿ ಝೂಮ್ ಲೆನ್ಸ್ ಈ ಟೆಸ್ಟಿನಾಗ ಎಡಗಡಿ ಒಂದ್ ನಮೂನಿ ಬಲಗಡಿ ಒಂದ್ ನಮೂನಿ ಬಂತು, ಎಂದೋ ಬಿದ್ದಿತ್ತು, ಒಳಗ ಗ್ಲಾಸ್ ಸರ್ದಿತ್ತು, ಎರಡ್ ವರ್ಷ ಅದನ್ನೇ ಹಿಡ್ಕೊಂಡು ಕ್ಯಾಮೆರಾ ಸರಿ ಇಲ್ಲ ಅಂತಿದ್ದೆ. ಎಷ್ಟೋ ಮಂದಿಗಿ ಈ ಟೆಸ್ಟ್ ಆದ ಮ್ಯಾಲ ಬಾಡಿ ಬದ್ಲಿ ಒಂದ್ ಚಲೋ 85 ಎಂಎಂ ಲೆನ್ಸ್ ತಗೊಂಡ್ರೆ ಸಾಕು ಅನಸ್ತದ, ಅನಿಸಿದ್ರ ಹಂಗೇ ಮಾಡ್ರಿ.

ಇದೇ ಟೆಸ್ಟಿನಾಗ ಎಫ್ 16 ಫೋಟೋನೂ ನೋಡ್ರಿ, ಎಫ್ 8ಕ್ಕಿಂತ ಮೆತ್ತಗ ಇರ್ತದ. ಕಿಂಡಿ ಸಣ್ಣದಾದಷ್ಟು ಬೆಳಕು ಹರಡ್ತದ, ಪಿಕ್ಸೆಲ್ ಸಣ್ಣದಿದ್ರ ಅದು ಕಣ್ಣಿಗಿ ಕಾಣ್ತದ. ದೊಡ್ಡ ಗ್ರೂಪ್ ಫೋಟೋ ಅಂದ್ರ ಎಫ್ 16 ಅನ್ನೋ ರೂಢಿ ಇದ್ದೋರು ಎಫ್ 8ಕ್ಕ ಬರ್ರಿ.

ಮೂರನೇದು ಕೈ. ಕಲಬುರಗಿ ಕ್ವಾಟಿ ಒಳಗಿನ ಜಾಮಿ ಮಸೀದಿಗಿ ಹೋಗ್ರಿ, 1367ರಾಗ ಕಟ್ಟಿದ್ದು, ಬ್ಯಾರೆ ಮಸೀದಿಗಳಂಗ ನಡುವ ಬಯಲು ಅಂಗಳ ಇಲ್ಲ, ಪೂರಾ ಮ್ಯಾಲ ಮುಚ್ಚ್ಯದ, ಒಳಗ ಸಾಲು ಸಾಲು ಕಮಾನು, ಬೆಳಕು ಪಕ್ಕದಿಂದ ಬರ್ತದ. ಲಗ್ನದ ಹಾಲಿನ ಮಂದ ಬೆಳಕಿಗಿ ಕೈ ತಯಾರ್ ಮಾಡ್ಲಾಕ ಇದಕ್ಕಿಂತ ಚಲೋ ಜಾಗ ಊರಾಗ ನಂಗ ಕಂಡಿಲ್ಲ. ಅಲ್ಲಿ ಟ್ರೈಪಾಡ್ ಒಯ್ಬೇಕಂದ್ರ ಪುರಾತತ್ವ ಇಲಾಖಿಯವ್ರ ಪರ್ಮಿಷನ್ ಬೇಕು, ನಮಗ ಬ್ಯಾಡ, ಕೈಲೇ ಹೊಡಿಯೋದದ. 85 ಲೆನ್ಸ್ ಹಾಕಿ ಒಂದೇ ಕಮಾನಿನ ಅಂಚು ಶಟರ್ (ಸೆನ್ಸರಿಗಿ ಬೆಳಕು ಬೀಳೋ ಟೈಮ್) 1/60 ಸೆಕೆಂಡಿಗಿ ಹತ್ತು, 1/125ಕ್ಕ ಹತ್ತು, 1/250ಕ್ಕ ಹತ್ತು ಹೊಡ್ರಿ, ಮನಿಗಿ ಬಂದು ಎಷ್ಟ್ ಶಾರ್ಪ್ ಅವ ಎಣಸ್ರಿ. ಲೆನ್ಸ್ ಎಷ್ಟ್ ಎಂಎಂ ಅದನೋ ಅಷ್ಟ್ ಶಟರ್ ಅನ್ನೋ ಹಳಿ ಲೆಕ್ಕ ಫಿಲ್ಮ್ ಕಾಲದ್ದು, ಇಷ್ಟ್ ಪಿಕ್ಸೆಲ್ಲಿಗಿ ಅದರ ಎರಡ್ ಪಟ್ಟು ಇಡ್ಬೇಕು, 85ಕ್ಕ 1/200 ಅಂತ. ಬಾಡಿ ಒಳಗ ಸ್ಟೆಬಿಲೈಸೇಶನ್ ಇರ್ತದಲ್ಲ ಅಂದ್ರ ಅದು ನಿಮ್ಮ ಕೈ ನಡುಗೋದು ತಡಿತದ, ಮದಲಿಂಗ ತಲಿ ಅಲ್ಲಾಡ್ಸೋದು ತಡಿಯಲ್ಲ.

ಬೀದರ್‌ನವ್ರಿಗಿ ಇನ್ನೂ ಚಲೋ ಅವಕಾಶ ಅದ. ಮಹಮೂದ್ ಗವಾನ್ ಮದರಸಾ, 1472ದ್ದು, ಮುಂದಿನ ಗೋಡಿ ಮ್ಯಾಲ ಮಿನಾರ್ ಮ್ಯಾಲ ಉಳಿದಿರೋ ಬಣ್ಣದ ಹೆಂಚು ನೋಡೀರಲ್ಲ, ಮುಂಜಾನಿ ರಸ್ತೆದಿಂದ ಅದನ್ನ ಹೊಡ್ದು ಹೆಂಚಿನ ಅಂಚು ಎಷ್ಟ್ ಖಡಕ್ ಬಂತು ನೋಡ್ರಿ. ಇಲ್ಲಾಂದ್ರ ಬಿದರಿ ಕೆಲಸದೋರ ಅಂಗಡ್ಯಾಗ ಕೇಳ್ಕೊಂಡು ಒಂದ್ ಹೂದಾನಿ ಹತ್ತಿರದಿಂದ ಹೊಡ್ರಿ, ಕರಿ ಮೈ ಮ್ಯಾಲ ಕೂದಲಿನಂಥ ಬೆಳ್ಳಿ ತಂತಿ, ಫೋಕಸ್ ಒಂದ್ ಎಳಿ ತಪ್ಪಿದ್ರೂ ಹೇಳ್ತದ. ಖರೆ ಹೇಳ್ಬೇಕಂದ್ರ ಹೈ ರೆಸಲ್ಯೂಷನ್ ಯಾಕ ಬೇಕು ಅಂತ ನಂಗ ಮನಸಿಗಿ ಹತ್ತಿದ್ದು ಒಂದ್ ಬಿದರಿ ಹುಕ್ಕಾ ಬುಡದ ಫೋಟೋ ದೊಡ್ಡ ಪ್ರಿಂಟ್ ತೆಗೆಸಿದಾಗ, ಆ ತಂತಿ ಕೂಡ್ಸಿದೋರ ಕೈ ಗುರುತು ಕಾಣ್ಬೇಕಿತ್ತು, ಕಾಣಲಿಲ್ಲ.

ಬ್ಯಾಸಗ್ಯಾಗ ಟೆಸ್ಟ್ ಮಾಡೋರು ಒಂದ್ ನೆನಪಿಡ್ರಿ, ಮಧ್ಯಾಹ್ನ ದೂರದ್ದು ಉದ್ದ ಲೆನ್ಸಿಲೇ ಹೊಡಿಬ್ಯಾಡ್ರಿ. ನಮ್ಮ ಕಡಿ ಮೇ ತಿಂಗಳ ಬಿಸಿಲಿಗಿ ನೆಲದಿಂದ ಗಾಳಿ ಕುದಿತಿರ್ತದ, ಯಾದಗಿರಿ ಗುಡ್ಡದ ಕ್ವಾಟಿ ಗೋಡಿ ಕೆಳಗಿಂದ ಹೊಡ್ದ್ರ ಕಲ್ಲು ನೀರಾಗ ಇದ್ದಂಗ ಬರ್ತದ, ಅದು ಲೆನ್ಸಿನ ತಪ್ಪಲ್ಲ. ಮುಂಜಾನಿ ಎಂಟರ ಒಳಗ ಮುಗಿಸ್ರಿ.

ಇನ್ನೊಂದು, ಈ ಜಾತಿ ಬಾಡಿಗಳಾಗ ಭಾಳಷ್ಟಕ್ಕ ಸೆನ್ಸರ್ ಮುಂದಿನ ಲೋ ಪಾಸ್ ಫಿಲ್ಟರ್ (ಸಣ್ಣ ವಿವರ ಚೂರು ಮಬ್ಬು ಮಾಡೋ ಗಾಜು) ಇರಲ್ಲ. ಶಾರ್ಪ್ ಜಾಸ್ತಿ, ಆದ್ರ ಸಣ್ಣ ಒಂದೇ ನಮೂನಿ ನೇಯ್ಗಿ ಮ್ಯಾಲ ಬಣ್ಣಬಣ್ಣದ ಅಲಿ ಬರ್ತದ, ಅದಕ್ಕ ಮೋರೇ ಅಂತಾರ. ನಮ್ಮಲ್ಲಿ ಖಣದ ಕುಪ್ಪಸ, ರೇಷ್ಮಿ ಸೀರಿ, ಮದಲಿಂಗನ ಸೂಟು, ಎಲ್ಲಾ ಅಂಥವೇ. ಮನ್ಯಾಗಿನ ಒಂದ್ ಖಣ ತಗೊಂಡು ಆ ಇಸ್ಕೊಂಡ ಬಾಡಿಲೇ ಬ್ಯಾರೆ ಬ್ಯಾರೆ ದೂರದಿಂದ ಹೊಡ್ದು ನೋಡ್ರಿ, ಯಾವ ದೂರದಾಗ ಬರ್ತದ ಗೊತ್ತಾಗ್ತದ, ಒಂದೆರಡ್ ಹೆಜ್ಜಿ ಮುಂದ ಹಿಂದ ಆದ್ರ ಹೋಗ್ತದ.

ಈಗ ಡೇಟಾ, ಇಲ್ಲಿ ಭಾಳ ಮಂದಿ ಸಿಕ್ಕಿ ಬೀಳ್ತಾರ. 61 ಮೆಗಾಪಿಕ್ಸೆಲ್ ರಾ ಫೈಲ್ (ಸೆನ್ಸರ್ ಹಿಡಿದ ಕಚ್ಚಾ ಫೋಟೋ) ಕಂಪ್ರೆಸ್ ಮಾಡ್ಲಾರದೆ ಇಟ್ರ ಒಂದೊಂದು 120 ಎಂಬಿ, ಕಂಪ್ರೆಸ್ ಮಾಡಿದ್ರ ಅರ್ಧದ ಹತ್ತಿರ. ಒಂದ್ ಲಗ್ನ, ಸುರಗಿ ನೀರಿನ ಶಾಸ್ತ್ರದಿಂದ ಹಿಡ್ದು ಮನಿ ತುಂಬಿಸೋ ತನಕ 3000 ಫೋಟೋ ಹಿಡ್ರಿ, 60 ಎಂಬಿ ಅಂದ್ರೂ 180 ಜಿಬಿ, ಎರಡ್ ಕಾಪಿ ಅಂದ್ರ 360, ಸೀಜನ್‌ನ್ಯಾಗ 20 ಲಗ್ನ ಅಂದ್ರ 7 ಟಿಬಿ ದಾಟ್ತದ. ಆ ಹಾರ್ಡ್ ಡಿಸ್ಕಿನ ರೊಕ್ಕ ಬಾಡಿ ಬಜೆಟ್ಟಿನಾಗೇ ಹಿಡ್ರಿ. ಮೆಮೊರಿ ಕಾರ್ಡ್ ತಗೊಳೋಕಿಂತ ಮೊದ್ಲು ಕ್ಯಾಮೆರಾದಾಗ ಅದರ ಸ್ಲಾಟ್ ಯಾವುದು ಪಕ್ಕಾ ಮಾಡ್ಕೊಳ್ರಿ, ಸಿಎಫ್ ಎಕ್ಸ್‌ಪ್ರೆಸ್‌ನ್ಯಾಗ ಟೈಪ್ ಎ ಬ್ಯಾರೆ ಟೈಪ್ ಬಿ ಬ್ಯಾರೆ, ಒಂದು ಇನ್ನೊಂದ್ರಾಗ ಕೂಡಲ್ಲ. ಎಸ್‌ಡಿ ಆದ್ರ ವಿ60 ಅಂದ್ರ ಸೆಕೆಂಡಿಗಿ ಕನಿಷ್ಠ 60 ಎಂಬಿ ಬರಿತದ, ವಿ90 ಅಂದ್ರ 90, ಒಂದೇ ಸವನ ಹೊಡಿಯೋರಿಗಿ ವಿ30 ಕಾರ್ಡ್ ಹಾಕಿದ್ರ ತಾಳಿ ಕಟ್ಟೋ ಹೊತ್ತಿಗಿ ಕ್ಯಾಮೆರಾ ಬಫರ್ (ಕಾರ್ಡಿಗಿ ಹೋಗೋಕಿಂತ ಮೊದ್ಲು ಫೋಟೋ ನಿಲ್ಲೋ ಜಾಗ) ತುಂಬಿ ಕೂಡ್ತದ.

ಕಂಪ್ಯೂಟರ್‌ದೂ ಹಂಗೇ. 61 ಮೆಗಾಪಿಕ್ಸೆಲ್ 16 ಬಿಟ್‌ನ್ಯಾಗ ತೆಗ್ದ್ರ ಒಂದ್ ಲೇಯರಿಗೇ (ಎಡಿಟಿಂಗಿನಾಗ ಒಂದರ ಮ್ಯಾಲ ಒಂದ್ ಇಡೋ ಪದರ) 360 ಎಂಬಿ ದಾಟ್ತದ, ನಾಕೈದ್ ಲೇಯರ್ ಮಾಡೋ ಆಲ್ಬಂ ಡಿಸೈನರ್ ಹುಡುಗನ 8 ಜಿಬಿ ಮಷೀನ್ ನಿಂತೇ ಹೋಗ್ತದ. ಸುಮ್ನೆ ಅಂದಾಜ್ ಮಾಡಬ್ಯಾಡ್ರಿ, ಹಿಂದಿನ 61 ಮೆಗಾಪಿಕ್ಸೆಲ್ ಬಾಡಿಗಳ ಸ್ಯಾಂಪಲ್ ರಾ ಫೈಲ್ ಪುಕ್ಕಟೆ ಸಿಗ್ತಾವ, ಒಂದೈವತ್ತು ಇಳಿಸ್ಕೊಂಡು ನಿಮ್ಮ ಮಷೀನ್‌ದಾಗ ಹಾಕಿ ಎಡಿಟ್ ಮಾಡಿ ಎಕ್ಸ್‌ಪೋರ್ಟ್ ಟೈಮ್ ಗಡಿಯಾರ ಹಿಡ್ದು ನೋಡ್ರಿ. ಮತ್ತ ಹೊಸ ಬಾಡಿ ಫೈಲ್ ನಿಮ್ಮ ಹಳಿ ಸಾಫ್ಟ್‌ವೇರ್ ತೆರಿಯಲ್ಲ, ಅಪ್‌ಡೇಟ್ ಬರೋ ತನಕ ರಾ ಜೊತಿಗಿ ಜೆಪೆಗ್ಗೂ ಹೊಡಿಬೇಕಾಗ್ತದ.

ರೊಕ್ಕದ ಮಾತು ಚುರುಕಾಗಿ ಮುಗಸ್ತೀನಿ. ಡಾಲರ್ ರೇಟ್ ಗುಣಸಿ ಬಜೆಟ್ ಮಾಡಬ್ಯಾಡ್ರಿ, ಇಲ್ಲಿನ ರೇಟ್ ಬ್ಯಾರೆನೇ ಇರ್ತದ, ಡಿಜಿಟಲ್ ಕ್ಯಾಮೆರಾ ಮ್ಯಾಲಿನ ಜಿಎಸ್‌ಟಿ 2019ರ ಜನವರಿಗಿ 28ರಿಂದ 18ಕ್ಕ ಇಳಿದ್ರೂ ದೊಡ್ಡ ಮೊತ್ತಾನೇ. ಅಡ್ವಾನ್ಸ್ ಕೊಟ್ಟ್ರ ರಶೀದಿ ತಗೋರಿ, ಬರದೇ ಹೋದ್ರ ವಾಪಸ್ ಕೊಡ್ತೀವಿ ಅಂತ ಅದರ ಮ್ಯಾಲ ಬರೆಸ್ಕೊಳ್ರಿ. ಹೈದ್ರಾಬಾದಿಗಿ ಹೋಗಿ ತರೋರು ಬಿಲ್ ಇಲ್ಲದ ಮಾಲಿಗಿ ಇಪ್ಪತ್ತ್ ಸಾವಿರ ಕಡಿಮಿ ಅಂದ್ರ ಕೈ ಹಾಕಬ್ಯಾಡ್ರಿ, ಇಂಡಿಯಾ ವಾರಂಟಿ ಇಲ್ಲಾಂದ್ರ ಒಂದ್ ರಿಪೇರಿಗಿ ಅದರ ಎರಡ್ ಪಟ್ಟು ಹೋಗ್ತದ. ಸ್ಟುಡಿಯೋಕ್ಕ ಜಿಎಸ್‌ಟಿ ನಂಬರ್ ಇದ್ರ ಬಿಲ್ಲಿನ ಮ್ಯಾಲ ಹಾಕಿಸ್ರಿ.

ಬಂದ ದಿನ ಅಂಗಡ್ಯಾಗೇ ಡಬ್ಬಿ ತೆಗಿಸಿ, ಡಬ್ಬಿ, ಬಾಡಿ, ಬಿಲ್ ಮೂರರ ಸೀರಿಯಲ್ ನಂಬರ್ ಒಂದೇ ಅದನೋ ನೋಡ್ರಿ, ಲೆನ್ಸ್ ಮುಚ್ಚಿಟ್ಟು ಒಂದ್ ಫೋಟೋ ಹೊಡ್ದು ಬೆಳ್ಳನ ಚುಕ್ಕಿ (ಕೆಟ್ಟ ಪಿಕ್ಸೆಲ್) ಹುಡುಕ್ರಿ, ಬಿಳಿ ಗೋಡಿದು ಎಫ್ 16ಕ್ಕ ಒಂದ್ ಹೊಡ್ದು ಧೂಳಿನ ಕಲಿ ಹುಡುಕ್ರಿ. ಎಫ್ 16 ಉಪಯೋಗಕ್ಕ ಬರೋದು ಇಲ್ಲೊಂದೇ. ತೊಗರಿ ರಾಶಿ ನಡಿಯೋ ದಿನದಾಗ ಹೊಲದಾಗ ನಿಂತು ಲೆನ್ಸ್ ಬಿಚ್ಚಬ್ಯಾಡ್ರಿ, ಆ ಸಣ್ಣ ಧೂಳು ಸೆನ್ಸರ್ ಮ್ಯಾಲ ಕೂತ್ರ 61ರಾಗ ಪ್ರತಿಯೊಂದೂ ಎದ್ದು ಕಾಣ್ತದ.

ಆಮ್ಯಾಲ ಮೊದಲ ಎರಡ್ ಲಗ್ನ ಹೊಸ ಬಾಡಿ ಒಂದ್ ಕೈಯಾಗ, ಹಳೇದು ಇನ್ನೊಂದ್ ಕೈಯಾಗ. ಹೊರಡೋ ಮುಂಜಾನಿ ಎರಡರ ಗಡಿಯಾರ ಮೊಬೈಲ್ ನೋಡಿ ಸೆಕೆಂಡ್ ಸಮೇತ ಒಂದೇ ಮಾಡ್ರಿ, ಇಲ್ಲಾಂದ್ರ ಆಲ್ಬಂ ಹುಡುಗ ಟೈಮ್ ಪ್ರಕಾರ ಜೋಡಿಸುವಾಗ ತಾಳಿ ಕಟ್ಟಿದ ಮ್ಯಾಲ ಸುರಗಿ ನೀರು ಬರ್ತದ.