ದೋಸೆ ಅಂದರೆ ಹನ್ನೆರಡು: ಟೆಕ್ಸಾಸ್‌ನಲ್ಲಿ ಮಗುವನ್ನು ಪ್ರೀ-ಕೆಗೆ ಸೇರಿಸುವವರಿಗೆ

ಹೋದ ವಾರ ಮತ್ತೊಬ್ಬರು ಅದೇ ತಪ್ಪು ಮಾಡಿಕೊಂಡು ಮನೆಗೆ ಬಂದರು. ಬೆಂಗಳೂರು ಬಿಟ್ಟು ಎಂಟು ತಿಂಗಳಾಗಿದೆ, ಮಗನಿಗೆ ನಾಲ್ಕು ವರ್ಷ. "ನಮ್ಮವನು ಹಂಡ್ರೆಡ್ ತನಕ ಇಂಗ್ಲಿಷಲ್ಲೇ ಹೇಳ್ತಾನೆ ಅಕ್ಕ, ಅದಕ್ಕೇ ಪ್ರೀ-ಕೆ ಫಾರ್ಮಲ್ಲಿ ಮನೆಭಾಷೆ ಇಂಗ್ಲಿಷ್ ಅಂತ ಹಾಕಿದ್ವಿ" ಅಂದರು, ಹೆಮ್ಮೆಯಿಂದ. ನಾನು ಕಾಫಿ ಲೋಟ ಕೆಳಗಿಟ್ಟೆ. ಐದು ವರ್ಷದ ಹಿಂದೆ ಇದೇ ತಪ್ಪಿಗೆ ನಾನು ಖಾಸಗಿ ಶಾಲೆಗೆ ತಿಂಗಳಿಗೆ 1,100 ಡಾಲರ್‌ನಂತೆ ಹತ್ತು ತಿಂಗಳು ಕಟ್ಟಿದ್ದೇನೆ.

ಲಸಿಕೆ ಪಟ್ಟಿ, ವಿಳಾಸದ ದಾಖಲೆ, ಇವೆಲ್ಲ ನಿಮಗೆ ಗೊತ್ತಿರುತ್ತೆ, ಬಿಡಿ. ಆ ಫಾರ್ಮಿನ ವಿಷಯಕ್ಕೆ ಬರುತ್ತೇನೆ.

ಟೆಕ್ಸಾಸ್‌ನ ಸರ್ಕಾರಿ ಶಾಲೆಗಳಲ್ಲಿ ಪ್ರೀ-ಕೆ, ಅಂದರೆ ಕಿಂಡರ್‌ಗಾರ್ಟನ್‌ಗೆ ಮುಂಚಿನ ತರಗತಿ, ಎಲ್ಲರಿಗೂ ಪುಕ್ಕಟೆ ಅಲ್ಲ. ಸೆಪ್ಟೆಂಬರ್ 1ಕ್ಕೆ ನಾಲ್ಕು ವರ್ಷ ತುಂಬಿದ್ದರೆ ಸಾಲದು, ಅರ್ಹತೆಯ ಪಟ್ಟಿಯಲ್ಲಿ ಯಾವುದಾದರೂ ಒಂದು ಹೊಂದಬೇಕು. ಕಡಿಮೆ ವರಮಾನ, ಸೇನೆಯಲ್ಲಿರುವ ಅಪ್ಪ ಅಮ್ಮ, ಹೀಗೆ. ನಮ್ಮಂಥ ಐಟಿ ಮನೆಗಳು ಇಷ್ಟು ಓದಿ ಪುಟ ಮುಚ್ಚಿಬಿಡುತ್ತವೆ. ಆದರೆ ಅದೇ ಪಟ್ಟಿಯಲ್ಲಿ ಇನ್ನೊಂದು ಸಾಲಿದೆ: ಇಂಗ್ಲಿಷ್ ಮಾತಾಡಲು, ಅರ್ಥ ಮಾಡಿಕೊಳ್ಳಲು ಬಾರದ ಮಗು. ಸಂಬಳ ಎಷ್ಟೇ ಇರಲಿ, ಇದೊಂದೇ ಸಾಕು. 2019ರ ಕಾನೂನಿನ ನಂತರ, ಅರ್ಹರಾದ ನಾಲ್ಕು ವರ್ಷದವರಿಗೆ ಅರ್ಧ ದಿನ ಅಲ್ಲ, ಪೂರ್ತಿ ದಿನದ ಪ್ರೀ-ಕೆ.

ಮಗುವಿಗೆ ಇಂಗ್ಲಿಷ್ ಬರುತ್ತಾ ಅಂತ ನೋಡುವ ಪರೀಕ್ಷೆಗೆ ಕರೆಯಬೇಕೋ ಬೇಡವೋ ಅಂತ ತೀರ್ಮಾನ ಮಾಡುವುದು ಒಂದೇ ಹಾಳೆ, ಹೋಮ್ ಲ್ಯಾಂಗ್ವೇಜ್ ಸರ್ವೆ. ಮನೆಯಲ್ಲಿ ಯಾವ ಭಾಷೆ, ಮಗು ಮನೆಯಲ್ಲಿ ಯಾವ ಭಾಷೆ ಆಡುತ್ತೆ, ಇಂಥವೇ ಪ್ರಶ್ನೆ. ನೋಡೋಕೆ ಜನಗಣತಿ ಕಾಗದದ ಹಾಗಿರುತ್ತೆ. ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯ ಹೆಸರು ಬರೆದರೆ ಮಗುವಿಗೆ ಬಾಯಿಮಾತಿನ ಒಂದು ಪರೀಕ್ಷೆ ಮಾಡುತ್ತಾರೆ. ಎಲ್ಲ ಕಡೆ ಇಂಗ್ಲಿಷ್ ಅಂತ ಬರೆದರೆ ಪರೀಕ್ಷೆಯೇ ಇಲ್ಲ, ಕಥೆ ಮುಗಿಯಿತು.

ನಾನು ಯಾಕೆ ಇಂಗ್ಲಿಷ್ ಅಂತ ಬರೆದೆ? ಹೆದರಿಕೆ. ಕನ್ನಡ ಅಂತ ಹಾಕಿದರೆ ಮಗಳನ್ನು "ವೀಕ್" ಮಕ್ಕಳ ಜೊತೆ ಕೂರಿಸುತ್ತಾರೆ ಅಂತ ಯಾರೋ ಹೇಳಿದ್ದರು. ಮನೆಯಲ್ಲಿ ನಾವು ಆಡುವುದು ಅಪ್ಪಟ ಹಾಸನದ ಕನ್ನಡ. ಮಗಳಿಗೆ ಬರುತ್ತಿದ್ದ ಇಂಗ್ಲಿಷ್ ಅಂದರೆ ಒನ್ ಟು ತ್ರೀ, ಬಣ್ಣಗಳ ಹೆಸರು, ಎರಡು ರೈಮ್ಸ್, ಅಷ್ಟೇ. "ನಿನಗೇನು ಬೇಕು" ಅಂತ ಇಂಗ್ಲಿಷಿನಲ್ಲಿ ಕೇಳಿದರೆ ನನ್ನ ಸೀರೆ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದಳು. ನೂರರ ತನಕ ಎಣಿಸುವುದು ಬೇರೆ, ಭಾಷೆ ಬರುವುದು ಬೇರೆ. ಇಷ್ಟು ಸುಲಭದ ವಿಷಯ ನನಗೆ ಹೊಳೆಯಲಿಲ್ಲ. ಹೊಳೆದಾಗ ಅಕ್ಟೋಬರ್, ಸೀಟುಗಳು ತುಂಬಿದ್ದವು.

ಇನ್ನು ಆ ಹೆದರಿಕೆಯ ವಿಷಯ. ಇಎಸ್‌ಎಲ್ (ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಕಲಿಯುವವರು) ಅಂತ ಗುರುತಿಸಿದ ಮಗು ಸಾಮಾನ್ಯವಾಗಿ ಉಳಿದವರ ಜೊತೆಯೇ ಕೂರುತ್ತೆ, ಪಾಠ ಮಾಡುವವರಿಗೆ ಅದಕ್ಕೆ ತರಬೇತಿ ಆಗಿರುತ್ತೆ. ಬೇಡ ಅಂತ ಬರೆದು ಕೊಡುವ ಹಕ್ಕೂ ನಿಮಗಿದೆ. ಒಂದು ಮಾತ್ರ ಗೊತ್ತಿರಲಿ: ಪ್ರೀ-ಕೆ, ಕಿಂಡರ್‌ಗಾರ್ಟನ್‌ನಲ್ಲಿ ಆ ಗುರುತು ತೆಗೆಯುವುದಿಲ್ಲ, ಒಂದನೇ ಕ್ಲಾಸ್ ಮುಗಿಯುವ ತನಕ ಕಾಯಬೇಕು. ಕಾದರೆ ಏನೂ ಆಗುವುದಿಲ್ಲ. ತಪ್ಪಾಗಿ ಬರೆದಿದ್ದರೆ ಸರಿಪಡಿಸಲು ಅವಕಾಶ ಇದೆ, ಆದರೆ ದಾಖಲಾದ ಎರಡು ವಾರದೊಳಗೆ, ಮತ್ತು ಪರೀಕ್ಷೆ ಆಗುವ ಮುಂಚೆ. ಹಾಗಂತ ಮನೆಯಲ್ಲಿ ನಿಜವಾಗಿ ಇಂಗ್ಲಿಷೇ ಆಡುವವರು ಕನ್ನಡ ಅಂತ ಬರೆಯಬೇಡಿ, ಮಗುವಿಗೆ "ಸುಮ್ನೆ ಕೂತ್ಕೋ" ಅಂತ ಹೇಳಿಕೊಟ್ಟು ಪರೀಕ್ಷೆಗೆ ಕಳಿಸಲೂ ಬೇಡಿ. ಅದು ಮೋಸ. (ಕ್ಯಾಲಿಫೋರ್ನಿಯಾದವರಿಗೆ ಈ ತಲೆನೋವಿಲ್ಲ. 2025-26ರಿಂದ ಅಲ್ಲಿ ನಾಲ್ಕು ತುಂಬಿದ ಎಲ್ಲ ಮಕ್ಕಳಿಗೂ ಟಿಕೆ, ಅಂದರೆ ಕಿಂಡರ್‌ಗಾರ್ಟನ್‌ಗೆ ಮುಂಚಿನ ತರಗತಿ, ಇದೆ. ಈ ವಿಷಯದಲ್ಲಿ ಅವರದೇ ಒಳ್ಳೆಯ ಪದ್ಧತಿ.)

ಮುಂದೆ ಕಿಂಡರ್‌ಗಾರ್ಟನ್‌ಗೆ ಮಗಳನ್ನು ಇಂಗ್ಲಿಷ್-ಸ್ಪ್ಯಾನಿಷ್ ಎರಡರಲ್ಲೂ ಪಾಠ ಮಾಡುವ ಡ್ಯುಯಲ್ ಲ್ಯಾಂಗ್ವೇಜ್ ಕ್ಲಾಸಿಗೆ ಹಾಕಿದೆವು. ಅಲ್ಲಿ ಶುರುವಾಯಿತು ಸಂಖ್ಯೆಗಳ ಜಾತ್ರೆ. ಮೊದಲ ತಿಂಗಳು ಮನೆಗೆ ಬಂದ ಹಾಳೆಯ ಮೇಲೆ ಓ ಎನ್ ಸಿ ಇ ಅಂತಿತ್ತು. ನಾನು ಇಂಗ್ಲಿಷಿನ "ವನ್ಸ್" ಅಂದುಕೊಂಡು, ಒಂದೇ ಸಲ ಬರೆಸಿ ಕಳಿಸಿದೆ. ಅದು ಸ್ಪ್ಯಾನಿಷಿನ ಓನ್ಸೆ, ಅಂದರೆ ಹನ್ನೊಂದು. ಹನ್ನೆರಡಕ್ಕೆ ಅಲ್ಲಿ ದೋಸೆ. ಹೌದು, ನಮ್ಮ ದೋಸೆಯೇ! ಎರಡಕ್ಕೆ ದೋಸ್, ಮೂರಕ್ಕೆ ತ್ರೇಸ್, ಹದಿಮೂರಕ್ಕೆ ತ್ರೇಸೆ, ಹೀಗಿರುವಾಗ ಮಕ್ಕಳು ಗೊಂದಲ ಆಗದೆ ಇರುತ್ತಾರಾ? ಹದಿನೈದರ ತನಕ ಬಾಯಿಪಾಠವೇ ಗತಿ. ಹದಿನಾರರಿಂದ "ಹತ್ತು ಮತ್ತು ಆರು" ಅನ್ನುವ ಲೆಕ್ಕ, ಅಲ್ಲಿಂದ ಸಲೀಸು. ಅರವತ್ತಕ್ಕೆ ಸೆಸೆಂತಾ, ಎಪ್ಪತ್ತಕ್ಕೆ ಸೆತೆಂತಾ, ಅದರಲ್ಲಿ ನಾನೇ ಇವತ್ತಿಗೂ ತಪ್ಪುತ್ತೇನೆ.

ಇಂಗ್ಲಿಷಿನ ಕಷ್ಟ ಬೇರೆ. ಫೋರ್ಟೀನ್ ಅಂದಾಗ ಮೊದಲು ಕೇಳಿಸುವುದು ನಾಲ್ಕು, ಮಗು 41 ಅಂತ ಬರೆಯುತ್ತೆ. ನಮ್ಮ ಹದಿಮೂರು, ಹದಿನಾಲ್ಕರಲ್ಲಿ ಹತ್ತು ಮುಂದೆ ಬರುತ್ತೆ, ಬರೆಯುವ ಕ್ರಮವೂ ಅದೇ. ಈ ಮೂರು ಭಾಷೆಗಳಲ್ಲಿ ಕನ್ನಡದ್ದೇ ಚೆನ್ನ ಅಂತ ನನ್ನ ವಾದ, ಜಗಳಕ್ಕೂ ಸಿದ್ಧ. ಅದಕ್ಕೇ ಮನೆಯಲ್ಲಿ ಕನ್ನಡದಲ್ಲಿ ಎಣಿಸುವುದನ್ನು ಬಿಡಬೇಡಿ.

ಇನ್ನೊಂದು ಅವಾಂತರ ನಮ್ಮತ್ತೆಯಿಂದ. ಅವರು ಕಲಿಸಿದ್ದು ಗೆಣ್ಣು ಲೆಕ್ಕ, ಹೆಬ್ಬೆರಳು ಇಟ್ಟು ಬೆರಳಿಗೆ ಮೂರರಂತೆ. ಟೀಚರ್ ಬೆರಳು ಎಣಿಸು ಅಂದರೆ ಮಗಳು ಒಂದೇ ಕೈಯಲ್ಲಿ ಹನ್ನೆರಡು ಎಣಿಸಿದಳು. "ಒಂದಕ್ಕೊಂದು ಎಣಿಕೆ ಅಭ್ಯಾಸ ಬೇಕು", ಅಂದರೆ ಒಂದು ಬೆರಳಿಗೆ ಒಂದೇ ಸಂಖ್ಯೆ ಹೇಳಬೇಕು, ಅಂತ ಚೀಟಿ ಬಂತು. ಹೋಗಿ ಕೈ ತೋರಿಸಿ ವಿವರಿಸಿದೆ. ಅವರಿಗೆ ಎಷ್ಟು ಇಷ್ಟವಾಯಿತೆಂದರೆ ಇಡೀ ಕ್ಲಾಸಿಗೆ ತೋರಿಸಿದರು.

ಬರೆಸುವ ವಿಷಯಕ್ಕೆ ಅವಸರ ಬೇಡ. ನಮ್ಮೂರಿನ ಯುಕೆಜಿಯ ಹಾಗೆ ನೂರರ ತನಕ ಬರೆಸಿ, ಆಮೇಲೆ ಹಿಂದುಮುಂದಾಗಿ ಬರೆಸುವುದು ಇಲ್ಲಿಲ್ಲ. ಪ್ರೀ-ಕೆ ಮುಗಿಯುವಾಗ ಬಾಯಲ್ಲಿ 30ರ ತನಕ, ಮುಂದಿಟ್ಟ ಹತ್ತು ವಸ್ತು ಸರಿಯಾಗಿ ಎಣಿಸುವುದು, 0ಯಿಂದ 9 ಗುರುತಿಸುವುದು, ಇಷ್ಟು ನಿರೀಕ್ಷೆ. 20ರ ತನಕ ಬರೆಯುವುದು ಕಿಂಡರ್‌ಗಾರ್ಟನ್‌ನ ಕೆಲಸ. 3 ತಿರುಗಿ ನಿಂತರೆ, 7 ಕನ್ನಡಿಯಲ್ಲಿ ಕಂಡ ಹಾಗಿದ್ದರೆ ಬೈಯಬೇಡಿ, ಆ ವಯಸ್ಸೇ ಹಾಗೆ. ನಾಲ್ಕು ವರ್ಷಕ್ಕೆ ಅಮೆರಿಕದ ಪದ್ಧತಿಯೇ ಸರಿ ಅಂತ ಈಗ ಒಪ್ಪುತ್ತೇನೆ. ಮಗ್ಗಿಯ ಹೊತ್ತಿಗೆ ಮಾತ್ರ ನಮ್ಮದೇ ವಾಸಿ. ಡ್ಯುಯಲ್ ಕ್ಲಾಸಿಗೆ ಸೇರಿಸುವ ಮುಂಚೆ ಗಣಿತ ಯಾವ ಭಾಷೆಯಲ್ಲಿ ಅಂತ ಕೇಳಿ, ಒಂದು ಶಾಲಾ ಡಿಸ್ಟ್ರಿಕ್ಟಿನಿಂದ ಇನ್ನೊಂದಕ್ಕೆ ಅದು ಬೇರೆ.

ಅಂದಹಾಗೆ ಆ ಬೆಂಗಳೂರಿನವರು ಬಚಾವಾದರು. ಫಾರ್ಮ್ ಕೊಟ್ಟು ಇನ್ನೂ ಒಂಬತ್ತು ದಿನ ಆಗಿತ್ತು, ಸೋಮವಾರ ಬೆಳಗ್ಗೆಯೇ ಹೋಗಿ ಕನ್ನಡ ಅಂತ ತಿದ್ದಿದರು. ಗುರುವಾರ ಹುಡುಗನಿಗೆ ಪರೀಕ್ಷೆ. ಅಲ್ಲಿವರೆಗೆ ಒನ್ ಟು ತ್ರೀ ಹೇಳಿಸೋದು ನಿಲ್ಲಿಸಬೇಕಾ ಅಂತ ನಿನ್ನೆ ಫೋನ್ ಮಾಡಿದ್ದರು. ಏನೂ ಬೇಡ ಮಾರಾಯ್ರೇ, ಹೇಳಿಕೊಳ್ಳಲಿ ಬಿಡಿ ಅಂದೆ.