ಮಾರುತಿ 800ರ ಬಾಡಿಯಲ್ಲಿ ಕೋಳಿಗೂಡು: ನನ್ನ ಅನುಭವ

ಬೇಸಿಗೆಯಲ್ಲಿ ಕೋಳಿ ಬೆಂದುಹೋಗುತ್ತದೆ, ಮಳೆಗಾಲಕ್ಕೆ ಬಾಡಿಯೇ ಉದುರಿ ಬೀಳುತ್ತದೆ ಎಂದವರು ಉಡುಪಿ ಕರಾವಳಿಯ ಕಾಪು, ಪಡುಬಿದ್ರಿ ಕಡೆ ಬೇಕಾದಷ್ಟು ಜನ. ಮಾರುತಿ 800 ಕಾರಿನ ಬಾಡಿಯಲ್ಲಿ 2019ರ ಬೇಸಿಗೆಯಲ್ಲಿ ಕಟ್ಟಿದ ಗೂಡು ಹಾಗೇ ನಿಂತಿದೆ. ಒಳಗೆ ಹನ್ನೆರಡು ಊರ ಕೋಳಿ ಮಲಗುತ್ತವೆ, ಬಾನೆಟ್ ಎತ್ತಿದರೆ ಮೊಟ್ಟೆ ಸಿಗುತ್ತದೆ. ನೋಡಲು ಬಂದವರು ಮೊದಲು ನಗುತ್ತಾರೆ, ಆಮೇಲೆ ಅಳತೆ ಕೇಳುತ್ತಾರೆ. ಅದಕ್ಕಾಗಿ ಬರೆದಿದ್ದೇನೆ.

ಗುಜರಿಯವರು ಇಡೀ ಕಾರಿಗೆ ಹೇಳಿದ್ದು ಹತ್ತು-ಹನ್ನೊಂದು ಸಾವಿರ. ಎಂಜಿನ್, ಗೇರ್‌ಬಾಕ್ಸ್ ಬಿಚ್ಚಿ ಮಾರಿದ್ದಕ್ಕೇ ಏಳು ಸಾವಿರದ ಹತ್ತಿರ ಬಂತು. ಅದೇ 796 ಸಿಸಿ ಎಂಜಿನ್ ಓಮ್ನಿಗೂ ಇರುವುದರಿಂದ ಕೇಳುವವರು ಸಿಗುತ್ತಾರೆ. ರೇಡಿಯೇಟರ್, ಸ್ಟಾರ್ಟರ್, ಬ್ಯಾಟರಿ, ಡಿಸ್ಕ್ ಸಮೇತ ಟಯರು ಎಲ್ಲ ಸೇರಿ ಇನ್ನೊಂದು ಏಳೆಂಟು ಸಾವಿರ. ಗೂಡಿಗೆ ಖರ್ಚಾದದ್ದು ಸುಮಾರು ಎಂಟು ಸಾವಿರ, ಅದರಲ್ಲಿ ಜಾಲರಿಯದ್ದೇ ದೊಡ್ಡ ಪಾಲು. ಅಷ್ಟೇ ಕೋಳಿ ಹಿಡಿಯುವ ಮರದ ಗೂಡಿಗೆ ಆಚಾರಿ ಹದಿನೈದು ಸಾವಿರ ಕೇಳಿದ್ದರು, ಅದೂ ಗೆದ್ದಲಿಗೆ ಗ್ಯಾರಂಟಿ ಇಲ್ಲದೆ.

ಕಾಗದದ ಕೆಲಸ ಮೊದಲು ಮುಗಿಸಬೇಕು. ವಾಹನ ಕಾಯಮ್ಮಾಗಿ (ಶಾಶ್ವತವಾಗಿ) ಓಡದ ಸ್ಥಿತಿಗೆ ಬಂದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ನೋಂದಣಿ ರದ್ದು ಮಾಡಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಹೇಳುತ್ತದೆ. 2025ರ ಏಪ್ರಿಲ್‌ನಿಂದ ಹೊಸ ನಿಯಮ ಬಂದು, ಆಯುಷ್ಯ ಮುಗಿದ ಕಾರನ್ನು ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೇ ಒಪ್ಪಿಸಬೇಕಾಗಿದೆ. ಹಾಗಾಗಿ ಈಗ ಹೊಸದಾಗಿ ಮಾಡುವವರು ಆರ್‌ಟಿಒದಲ್ಲಿ ವಿಚಾರಿಸದೆ ಗ್ರೈಂಡರ್ ಹಿಡಿಯಬೇಡಿ.

ಪೆಟ್ರೋಲ್ ಟ್ಯಾಂಕ್ ಇಳಿಸದೆ ಕಿಡಿ ಹಾರುವ ಯಾವ ಕೆಲಸವೂ ಬೇಡ. ಖಾಲಿ ಟ್ಯಾಂಕೇ ಹೆಚ್ಚು ಅಪಾಯ, ಒಳಗೆ ಆವಿ ನಿಂತಿರುತ್ತದೆ. ಕೂಲೆಂಟ್, ಬ್ರೇಕ್ ಆಯಿಲ್ ಕ್ಯಾನಿಗೆ ಹಿಡಿಯಿರಿ. ತೋಟದ ಮಣ್ಣಿಗೆ ಬಿದ್ದರೆ ಅಲ್ಲೇ ಕೋಳಿ ಕೆದಕುತ್ತದೆ.

ಕಡಲ ಗಾಳಿಯ ಕಾರಿನಲ್ಲಿ ಮೊದಲು ಸಾಯುವುದು ಬಾಗಿಲ ಕೆಳಗಿನ ಪಟ್ಟಿ. ಅಲ್ಲಿ ಜಾಕ್ ಕೊಟ್ಟರೆ ಜಾಕ್ ಒಳಗೆ ಹೋಗುತ್ತದೆ, ಕಾರು ಮೇಲೆ ಬರುವುದಿಲ್ಲ. ಬಾಗಿಲು ಬಿಚ್ಚಿ ಎತ್ತಿದರಂತೂ ಬಾಡಿ ನಡುವಿನಲ್ಲಿ ಮಡಚಿಕೊಳ್ಳುತ್ತದೆ. ಬಾಗಿಲು ನಾಲ್ಕನ್ನೂ ಹಾಕಿ, ಲಾಕ್ ಕೂರಿಸಿ, ಮುಂದಿನ ಕ್ರಾಸ್ ಮೆಂಬರ್ (ಬಾಡಿಯ ಅಡಿಯಲ್ಲಿ ಅಡ್ಡಕ್ಕಿರುವ ಉಕ್ಕಿನ ತೊಲೆ) ಮತ್ತು ಹಿಂದಿನ ಆಕ್ಸಲ್ ಕೂರುವ ಜಾಗದ ಅಡಿಗೆ ಅಡಿಕೆ ಮರ ಅಡ್ಡ ಕೊಟ್ಟು ಎತ್ತಬೇಕು. ಎಂಜಿನ್ ಇಲ್ಲದ ಶೆಲ್ಲನ್ನು ಎಂಟು ಜನ ಹೊರುತ್ತಾರೆ. ಎರಡು ಅಡಿ ಎತ್ತರದ ಕೆಂಪುಕಲ್ಲಿನ ಮೇಲೆ ಕೂರಿಸಿ, ಮೂತಿ ಪಡುವಣಕ್ಕೆ. ಗಾಳಿಮಳೆಯನ್ನು ಗಾಜು ಮತ್ತು ಬಾನೆಟ್ ತಡೆಯುತ್ತವೆ, ಕಿಟಕಿಗಳಿಗೆ ಎರಚಲು ಕಡಿಮೆ.

ತುಕ್ಕು ತಿಂದ ನೆಲವೇ ಈ ಕೆಲಸಕ್ಕೆ ಅನುಕೂಲ. ಉಳಿದದ್ದನ್ನೂ ಕತ್ತರಿಸಿ ತೆಗೆಯಿರಿ, ಸೀಟಿನ ಬೋಲ್ಟು ಕೂರುವ ಅಡ್ಡಪಟ್ಟಿಗಳನ್ನು ಮಾತ್ರ ಮುಟ್ಟಬಾರದು. ನೆಲಕ್ಕೆ ಒಂದು ಇಂಚು ಕಣ್ಣಿನ ವೆಲ್ಡ್ ಮೆಶ್ (ಬೆಸೆದ ತಂತಿಜಾಲರಿ). ಅರ್ಧ ಇಂಚಿನದ್ದು ಹಾಕಿದರೆ ಹಿಕ್ಕೆ ಕೆಳಗೆ ಬೀಳದೆ ಮೇಲೇ ಕಟ್ಟಿಕೊಂಡು ಅಮೋನಿಯಾ ವಾಸನೆ ಏಳುತ್ತದೆ. ಕಿಟಕಿಗೆ ಅರ್ಧ ಇಂಚು. ಆರು ಮೂಲೆ ಕಣ್ಣಿನ ತೆಳು ಕೋಳಿಬಲೆ ದಂಡ. ನಾಯಿ, ಪುನುಗು ಬೆಕ್ಕು ಒಂದೇ ರಾತ್ರಿಗೆ ಹರಿಯುತ್ತವೆ. ಮೆಶ್ ಹಿಡಿಸಲು ಆರ್ಕ್ ವೆಲ್ಡಿಂಗ್ ಪ್ರಯೋಜನವಿಲ್ಲ, ಮಿಲಿಮೀಟರಿಗಿಂತ ತೆಳುವಾದ ತುಕ್ಕು ತಗಡು ರಾಡ್ ತಾಗಿದ ಕೂಡಲೇ ತೂತಾಗುತ್ತದೆ. ವೆಲ್ಡರಿಗೆ ಕೊಟ್ಟ ಕೂಲಿ ನೀರಿಗೆ ಹೋಯಿತು. ಒಂದು ಇಂಚಿನ ಎಂಎಸ್ (ಮೈಲ್ಡ್ ಸ್ಟೀಲ್) ಪಟ್ಟಿಯ ನಡುವೆ ಮೆಶ್ ಸಿಕ್ಕಿಸಿ, ವಾಷರ್ ಇಟ್ಟು ಪಾಪ್ ರಿವೆಟ್ ಹೊಡೆದದ್ದು ಒಂದೂ ಕಿತ್ತಿಲ್ಲ.

ಮೊಟ್ಟೆಯ ಜಾಗ ಎಂಜಿನ್ ಕೋಣೆ. ಡ್ಯಾಶ್‌ಬೋರ್ಡ್ ತೆಗೆದು, ಅದರಾಚೆ ಎಂಜಿನ್ ಕೋಣೆಗೆ ಅಡ್ಡವಾಗಿರುವ ತಗಡಿನಲ್ಲಿ ಎಂಟು ಇಂಚು ಅಗಲ, ಹತ್ತು ಇಂಚು ಎತ್ತರದ ಎರಡು ಕಿಂಡಿ ಕೊರೆದು, ಅಂಚಿಗೆ ಬಾಗಿಲಿನ ರಬ್ಬರ್ ಬೀಡಿಂಗನ್ನೇ ಸಿಕ್ಕಿಸಿದೆ. ಅಡಿಗೆ ಹಲಗೆ, ಮೇಲೆ ಬೈಹುಲ್ಲು. ಕತ್ತಲಿದ್ದರೆ ಹೇಂಟೆ ಬೇರೆ ಕಡೆ ಇಡುವುದೇ ಇಲ್ಲ. ಹೆಡ್‌ಲೈಟಿನ ತೂತು ಮುಚ್ಚಲು ಮರೆಯಬೇಡಿ, ಮುಂಗುಸಿಗೆ ಅದೇ ದಾರಿ. ಮಲಗಲು ಅಡಿಕೆ ದಬ್ಬೆ (ಅಡಿಕೆ ಮರದ ಸೀಳು) ಅಡ್ಡಡ್ಡ ಕೊಡಿ, ಒಂದು ಕೋಳಿಗೆ ಎಂಟು ಇಂಚು ಲೆಕ್ಕ. ಕಾರಿನ ಅಗಲವೇ 1440 ಮಿಲಿಮೀಟರ್, ಒಳಗೆ ನಾಲ್ಕು ಅಡಿ ಸಿಗುತ್ತದೆ. ಎರಡು ಸಾಲು ಸಾಕು.

ಸೆಕೆಯ ವಿಚಾರದಲ್ಲಿ ಎಲ್ಲರೂ ಸೋಲುತ್ತಾರೆ. ತೆಂಗಿನ ಮಡಲನ್ನು ನೇರ ಟಾಪಿನ ಮೇಲೆ ಹಾಸಿದರೆ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ನೀರು ಹಿಡಿದುಕೊಂಡು ಟಾಪನ್ನೇ ತಿನ್ನುತ್ತದೆ. ದಬ್ಬೆ ಕೊಟ್ಟು ನಾಲ್ಕು ಇಂಚು ಎತ್ತರಿಸಿ ಹಾಕಿ, ನಡುವೆ ಗಾಳಿ ಓಡಬೇಕು. ಮುಂದಿನ ಗಾಜಿಗೆ ಒಳಗಿನಿಂದ ಸುಣ್ಣ. ಒಳಟಾಪಿನ ಬಟ್ಟೆ, ಸ್ಪಂಜು ಪೂರ್ತಿ ಕಿತ್ತುಹಾಕಿ, ಕೋಳಿಹೇನಿನ ಮನೆ ಅದು.

ಸಡಿಲ ತುಕ್ಕಿನ ಮೇಲೆ ರೆಡ್ ಆಕ್ಸೈಡ್ ಬಳಿದರೆ ಒಂದೇ ಮಳೆಗೆ ಹಪ್ಪಳವಾಗಿ ಏಳುತ್ತದೆ. ಗ್ರೈಂಡರಿಗೆ ತಂತಿಬ್ರಷ್ ಹಾಕಿ ಉಜ್ಜಿ, ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್ ಹಚ್ಚಿ, ಒಣಗಿದ ಮೇಲೆ ರೆಡ್ ಆಕ್ಸೈಡ್ ಎರಡು ಕೋಟ್, ಅದರ ಮೇಲೆ ಅಲ್ಯುಮಿನಿಯಂ ಪೇಂಟ್. ಪತ್ತನಾಜೆಗೆ (ಮೇ ಕೊನೆಯ ವಾರ) ಮೊದಲು ಮುಗಿಯಲೇಬೇಕು, ಆಮೇಲೆ ಗಾಳಿಯ ಪಸೆಗೆ ಕೋಟ್ ಒಣಗುವುದಿಲ್ಲ. ಒಳಗೆ ವರ್ಷಕ್ಕೊಮ್ಮೆ ಸುಣ್ಣ. ತಗಡಿನಿಂದ ಸುಣ್ಣ ಉದುರದಂತೆ ಅದಕ್ಕೆ ಒಂದು ವಸ್ತು ಬೆರೆಸುತ್ತೇನೆ, ಅದು ನನ್ನಲ್ಲೇ ಇರಲಿ.

ಉಳಿದ ಆಲ್ಟರ್ನೇಟರನ್ನು (ಕಾರಿನ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ತೋಡಿನ, ಅಂದರೆ ಸಣ್ಣ ಹೊಳೆಯ, ನೀರಿನ ಚಕ್ರಕ್ಕೆ ಕಟ್ಟಿ ನೋಡಿದೆ, ಚಾರ್ಜ್ ಬರಲಿಲ್ಲ. ಸಾವಿರಕ್ಕಿಂತ ಹೆಚ್ಚು ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಬೇಕು, ತೋಡಿನ ಚಕ್ರ ಆ ವೇಗ ಕೊಡದು. ವೈಪರ್ ಮೋಟಾರ್ ಮಾತ್ರ ಚಿನ್ನ. ಭಾರ ಎಳೆದರೂ ಅದರ ವರ್ಮ್ ಗೇರ್ ಹಿಂದಕ್ಕೆ ತಿರುಗುವುದಿಲ್ಲ, ಹಾಗಾಗಿ ಹಗ್ಗ ಸುತ್ತಿ ಎತ್ತಿದ ಗೂಡಿನ ಬಾಗಿಲು ಕರೆಂಟ್ ನಿಂತರೂ ಬೀಳುವುದಿಲ್ಲ. 7 ಆಂಪಿಯರ್-ಅವರ್ ಬ್ಯಾಟರಿ, ಸಣ್ಣ ಸೋಲಾರ್ ಪ್ಯಾನೆಲ್, ಟೈಮರ್, ಬಾಗಿಲು ತುದಿ ಮುಟ್ಟಿದಾಗ ಮೋಟಾರ್ ನಿಲ್ಲಿಸುವ ಎರಡು ಲಿಮಿಟ್ ಸ್ವಿಚ್. ಸ್ವಿಚ್ ಕೂರಿಸುವಾಗ ರಬ್ಬರ್ ಕ್ಯಾಪ್ ಇರುವುದನ್ನೇ ತನ್ನಿ, ಇಲ್ಲದಿದ್ದರೆ ಸೋಣ ತಿಂಗಳೊಳಗೆ (ಆಗಸ್ಟ್-ಸೆಪ್ಟೆಂಬರ್) ಕಾಂಟ್ಯಾಕ್ಟ್ ಹಸಿರಾಗುತ್ತದೆ.