ಕೂಲಿ ತುಂಬಿಕೊಟ್ಟೆ, ವೈರಲ್ ಲೋಡ್ ಇಳಿಯಿತು

ದುಡ್ಡು ಕೊಟ್ಟು ಎಚ್‌ಐವಿ ಮಾತ್ರೆ ನುಂಗಿಸಿದರೆ ದುಡ್ಡು ನಿಂತ ದಿನ ಮಾತ್ರೆಯೂ ನಿಲ್ಲುತ್ತದೆ ಅಂತ ನಮ್ಮವರೇ ಹೇಳಿದ್ದರು. ದುಡ್ಡು ನಿಲ್ಲಿಸಿ ಎಂಟು ತಿಂಗಳಾಯಿತು. ಮಾತ್ರೆ ನಿಂತಿಲ್ಲ.

ನಾನು ಬಾಗಲಕೋಟೆ ಜಿಲ್ಲೆಯಲ್ಲಿ ಔಟ್‌ರೀಚ್ ಕೆಲಸ ಮಾಡುತ್ತೇನೆ, ಅಂದರೆ ಎಚ್‌ಐವಿ ಇರುವವರನ್ನು ಹುಡುಕಿ ಚಿಕಿತ್ಸೆಗೆ ಕರೆತರುವುದು. ಮಧ್ಯದಲ್ಲೇ ಎಆರ್‌ಟಿ (ಎಚ್‌ಐವಿ ಹಿಡಿತದಲ್ಲಿಡುವ ಮಾತ್ರೆ) ಬಿಟ್ಟ ಸುಮಾರು ನಲವತ್ತು ಜನರನ್ನು ಹಿಡಿದುಕೊಂಡೆ. ಮೊದಲು ಡಬ್ಬಿಯಲ್ಲಿ ಉಳಿದ ಮಾತ್ರೆ ಎಣಿಸಿ, ಲೆಕ್ಕ ಸರಿಯಿದ್ದರೆ ನೂರು ರೂಪಾಯಿ ಕೊಟ್ಟೆ. ಡಬ್ಬಿ ಸರಿಯಾಗಿ ಖಾಲಿ, ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ) ಮಾತ್ರ ಲಕ್ಷದ ಮೇಲೆ! ಉಳಿದ ಮಾತ್ರೆಯನ್ನು ಬರುವ ಹಿಂದಿನ ರಾತ್ರಿ ಹಿತ್ತಲಲ್ಲಿ ಹೂತೆ ಅಂತ ಒಬ್ಬರು ಬಾಯಿಬಿಟ್ಟರು. ಅಲ್ಲಿಗೆ ಹನ್ನೆರಡು ಸಾವಿರ ಹೋಯಿತು.

ಆಮೇಲೆ ಅಮೆರಿಕದ ಬ್ರಾಂಕ್ಸ್, ವಾಷಿಂಗ್ಟನ್‌ನಲ್ಲಿ ವೈರಸ್ ಹಿಡಿತದಲ್ಲಿದ್ದವರಿಗೆ ಮೂರು ತಿಂಗಳಿಗೊಮ್ಮೆ 70 ಡಾಲರ್ ಗಿಫ್ಟ್ ಕಾರ್ಡ್ ಕೊಟ್ಟಿದ್ದನ್ನು ಓದಿ, ವೈರಲ್ ಲೋಡ್ 1000ದ ಕೆಳಗೆ ಬಂದವರಿಗೆ ಸಾವಿರ ರೂಪಾಯಿ ಅಂದೆ. ನಮ್ಮಲ್ಲಿ ಟೆಸ್ಟ್‌ಗೆ ಆರು ತಿಂಗಳು ಕಾಯಬೇಕು. ಅಷ್ಟು ದೂರದ ಸಾವಿರಕ್ಕೆ ಯಾರು ಕಾಯುತ್ತಾರೆ?

ದಾರಿ ತೋರಿಸಿದ್ದು ಶಕ್ತಿ ಯೋಜನೆ. 2023ರಲ್ಲಿ ಹೆಂಗಸರಿಗೆ ಬಸ್ ಉಚಿತವಾಯಿತು, ಆದರೂ ನನ್ನ ಪಟ್ಟಿಯ ಹೆಂಗಸರು ಮಾತ್ರೆಗೆ ಬರಲಿಲ್ಲ. ತಡೆದಿದ್ದು ಬಸ್ ಚಾರ್ಜಲ್ಲ, ಕೈತಪ್ಪುವ ಒಂದು ದಿನದ ಕೂಲಿ. ಹಾಗಾಗಿ ತಿಂಗಳ ಮಾತ್ರೆ ಒಯ್ಯಲು ತಾರೀಕಿಗೆ ಬಂದವರಿಗೆ ಅವತ್ತೇ 150 ರೂಪಾಯಿ, ರಿಪೋರ್ಟ್ ಚೆನ್ನಾಗಿ ಬಂದರೆ ಇನ್ನೊಂದು 500. ಎಲ್ಲ ಕೈಗೇ, ಲಕೋಟೆಯಲ್ಲಿ. ಒಮ್ಮೆ ಒಬ್ಬಾಕೆಯ ಫೋನಿಗೆ ದುಡ್ಡು ಹಾಕಿದ್ದೆ, ಮೆಸೇಜ್ ಮೈದುನನ ಕಣ್ಣಿಗೆ ಬಿದ್ದು ಮನೆಯಲ್ಲಿ ದೊಡ್ಡ ಗಲಾಟೆಯಾಯಿತು. ಆ ತಪ್ಪು ನನ್ನದು, ಇವತ್ತಿಗೂ ನೋಯುತ್ತದೆ.

ನಡುವೆ ಸ್ಟೀಲ್ ಡಬ್ಬಿಯ ಲಕ್ಕಿ ಡ್ರಾ ಕೂಡ ಮಾಡಿ ನೋಡಿದೆ. ಗೆದ್ದವರಿಗೆ ಖುಷಿ. ಸೋತವರಲ್ಲಿ ಇಬ್ಬರು ಮುಂದಿನ ತಿಂಗಳು ಬರಲೇ ಇಲ್ಲ. ಅಲ್ಲಿಗೆ ಬಿಟ್ಟೆ.

ಶುರುವಿನಲ್ಲಿ ಎಂಟೋ ಒಂಬತ್ತೋ ಜನರದ್ದು 1000ದ ಕೆಳಗಿತ್ತು. ವರ್ಷದ ಕೊನೆಗೆ ಮೂವತ್ತರ ಹತ್ತಿರ. ಖರ್ಚು ಎಲ್ಲ ಸೇರಿ ಎಪ್ಪತ್ತು ಸಾವಿರದ ಆಸುಪಾಸು, ಅರ್ಧ ನನ್ನದು, ಅರ್ಧ ಗೆಳೆಯರದು. ದುಡ್ಡು ನಿಲ್ಲಿಸಿದರೂ ಯಾಕೆ ಮಾತ್ರೆ ಬಿಡಲಿಲ್ಲ ಗೊತ್ತಾ? ಲೋಡ್ ಇಳಿದು ಸ್ಥಿರವಾದವರಿಗೆ ಮೂರು ತಿಂಗಳ ಟಿಎಲ್‌ಡಿ (ದಿನಕ್ಕೊಂದು ನುಂಗುವ ಎಚ್‌ಐವಿ ಮಾತ್ರೆ) ಒಟ್ಟಿಗೇ ಸಿಗುತ್ತದೆ. ವರ್ಷಕ್ಕೆ ಹನ್ನೆರಡು ಕೂಲಿ ಹೋಗುತ್ತಿದ್ದವರಿಗೆ ಈಗ ನಾಲ್ಕೇ ಹೋಗುವುದು. ಅದನ್ನು ಅವರೇ ತಡೆದುಕೊಳ್ಳುತ್ತಾರೆ. ಅಲ್ಲಿಗೆ ಮುಟ್ಟಿಸುವವರೆಗೆ ಮಾತ್ರ ನನ್ನ 150 ಬೇಕಿತ್ತು.

ಐದು ಜನ ಗೋವಾಕ್ಕೆ ದುಡಿಯಲು ಹೋದವರು ಇನ್ನೂ ಸಿಕ್ಕಿಲ್ಲ. ದೀಪಾವಳಿಗೆ ಊರಿಗೆ ಬರುತ್ತಾರೆ. ಮನೆಗೆ ಹೋದರೆ ಅವರಿಗೇ ತೊಂದರೆ, ಬಸ್ ಸ್ಟ್ಯಾಂಡಿನಲ್ಲೇ ಕಾಯುತ್ತೇನೆ.